ಎರಡು ತಂಡಕ್ಕೂ ಒಬ್ಬರೇ ಮೇಷ್ಟ್ರು

ಪಾಂಡವಪುರದಲ್ಲಿ ಕಂಪ್ಯೂಟರು ರಿಪೇರಿ ಮುಗಿಸಿ ಕಿಕ್ಕೇರಿ ಬಸ್ಸು ಹತ್ತಿದಾಗ ನಾನು ಕೆಂಡವಾಗಿದ್ದೆ. ಪಕ್ಕದ ಸೀಟಿನಲ್ಲಿ ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಾಟಕದ ಮೇಷ್ಟ್ರು, “ಯಾಕ್ ಸಾ, ಮುಖ ಊದುಸ್ಕೊಂಡಿದ್ದೀರಾ?” ಅಂದರು.

ಹೇಳಿಕೊಂಡೆ. ಕಂಪ್ಯೂಟರನ್ನು ನಡೆಸುವ ಒಂದು ಪುಕ್ಕಟೆ ಸಾಫ್ಟ್‌ವೇರನ್ನು ಯಾವ್ಯಾವುದೋ ದೇಶದವರು ಸೇರಿ ಬರೀತಾರೆ. ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಆದರೆ ಸೇರಿಸೋದು ಬಿಡೋದು ನಾಲ್ಕು ಜನ ಯಜಮಾನರ ಕೈಲಿ. ನನ್ನ ತಿದ್ದುಪಡಿಯನ್ನು ಅವರು ಬೇಡ ಅಂದಿದ್ದರು.

“ಅವ್ರು ಹೇಳಿದ್ದು ಒಪ್ದೆ ಇದ್ರೆ?”

“ಎಲ್ಲ ನಕಲು ಮಾಡ್ಕೊಂಡು ಬೇರೆ ಹೋಗಬಹುದು. ಅವರಲ್ಲೇ ಒಬ್ಬ ಆಗಲೇ ಹೋಗಿದ್ದಾನೆ.”

ಮೇಷ್ಟ್ರು ಪೆಟ್ಟಿಗೆ ಕುಟ್ಟಿಕೊಂಡು ನಕ್ಕರು. “ಇದು ನಮ್ಮೂರ್ ಕತೆಯೇ ಕಣ್ ಸಾ! ರಾಜಾಪಾರ್ಟು ಕೊಡ್ಲಿಲ್ಲ ಅಂತ ಒಬ್ಬ ಸಿಟ್ ಮಾಡ್ಕೊಂಡು, ಅದೇ ನಾಟಕಕ್ಕೆ ಬ್ಯಾರೆ ತಂಡ ಕಟ್ಬುಟ್ಟ. ಈಗ ಒಬ್ರಿಗೊಬ್ರು ಮಾತಿಲ್ಲ. ಆದ್ರೆ ಎರಡ್ ತಂಡಕ್ಕೂ ನಾನೇ ಮೇಷ್ಟ್ರು! ಇವತ್ತು ಇವ್ರಿಗೆ ಕೂರ್ಸಿದ್ ರಾಗಾನ ನಾಳೆ ಅವ್ರಿಗೂ ಕೂರುಸ್ತೀನಿ. ಅದು ಅವ್ರಿಗೂ ಗೊತ್ತು, ಇವ್ರಿಗೂ ಗೊತ್ತು. ಯಾರೂ ಬಾಯ್ ಬುಡಕ್ಕಿಲ್ಲ.”

ಇಷ್ಟು ಹೇಳಿ ಪೆಟ್ಟಿಗೆ ತೆರೆದೇಬಿಟ್ಟರು. ಕಿಕ್ಕೇರಿವರೆಗೂ ಬಸ್ಸಿನಲ್ಲಿ ಹಾಡೋ ಹಾಡು. ಕಂಡಕ್ಟರು ಟಿಕೆಟ್ಟನ್ನೂ ರಾಗದಲ್ಲೇ ಕೇಳಿದ.

ಆಗಿನ ಕಾಲದಲ್ಲಿ ಈ-ಮೇಲ್ ಕಳಿಸೋಕೆ ಮೈಸೂರಿಗೇ ಹೋಗಬೇಕಿತ್ತು. ಮುಂದಿನ ಸಲ ಹೋದಾಗ ಅದೇ ತಿದ್ದುಪಡಿಯನ್ನು ಬೇರೆ ಹೋದವನಿಗೆ ಕಳಿಸಿದೆ. ಅವನು ಖುಷಿಯಿಂದ ಸೇರಿಸಿಕೊಂಡ. ಸ್ವಲ್ಪ ದಿನಕ್ಕೆ ನೋಡಿದರೆ, ಬೇಡ ಅಂದಿದ್ದ ಯಜಮಾನರೂ ಅವನ ಹತ್ತಿರದಿಂದ ಅದನ್ನೇ ಎತ್ತಿಕೊಂಡು, ಕೆಳಗೆ ನನ್ನ ಹೆಸರನ್ನೂ ಹಾಕಿದ್ದರು.

ನಾನೂ ಬಾಯಿ ಬಿಡಲಿಲ್ಲ.