ಗುರುಬಸವ ಆರಿಸದ ಟೈರ್

ಮುಂಬಯಿಯ ಚೆಂಬೂರಿನ ನಮ್ಮ ಬಿಲ್ಡಿಂಗಿನ ಕೆಳಗೆ ಗೆಳೆಯ ಗುರುಬಸವನ ಟೈರ್ ಅಂಗಡಿ ಇತ್ತು. ವಿಜಯಪುರದಿಂದ ಬಂದವನು, ಪಂಕ್ಚರ್ ತೆಗೆಯುತ್ತಲೇ ಬೈಕ್ ರೇಸಿನ ಹುಚ್ಚು ಹತ್ತಿಸಿಕೊಂಡ. ಮೇಲಿನ ಮನೆಯ ರೂಪಾಲಿ ರೇಸಿಗೆ ಇಳಿದಾಗ ಅವಳ ಬೈಕಿಗೆ ಟೈರ್ ಆರಿಸುವ ಕೆಲಸ ಅವನದೇ ಆಯಿತು. ಅವಳಿಗೆ ಅವನು ಕಾಕಾ.

ಹೋದ ವರ್ಷ ಕೊಯಮತ್ತೂರಿನಲ್ಲಿ ರೇಸ್ ಶುರುವಾಗುವ ಮುಂಚೆ ಮಳೆ ಬಂತು. "ಹಿಡೀತಂದ್ರ ಬಿಡೂ ಮಳಿ ಅಲ್ಲವ್ವಾ ಇದು" ಎಂದು ಗುರುಬಸವ ಮಳೆಯ ಟೈರ್ ಹಾಕಿಸಿದ. ಊರು ಬಿಟ್ಟಾಗಿನಿಂದ ಮುಂಬಯಿಯ ಜುಲೈ ಮಳೆಯನ್ನೇ ಕಂಡವನು. ಅಲ್ಲಿಯ ಮಳೆ ಆರಂಭದ ಸುತ್ತುಗಳಲ್ಲೇ ನಿಂತು ಬಿಸಿಲು ಬಿತ್ತು. ಮಳೆಯ ಟೈರಿನ ರಬ್ಬರ್ ಮೆತ್ತಗೆ. ನೀರು ತಣಿಸುತ್ತಿದ್ದರಷ್ಟೇ ಬಾಳುತ್ತದೆ. ನೀರು ನಿಂತಲ್ಲೆಲ್ಲ ಬೈಕ್ ಹಾಯಿಸಿ ರೂಪಾಲಿ ಟೈರ್ ಉಳಿಸಿಕೊಳ್ಳಲು ನೋಡಿದಳು. ಆದರೂ ಹಿಂದಿನ ಟೈರ್ ಕಾದು ಚೂರುಚೂರಾಗಿ ಕಿತ್ತುಬಂತು. ತಿರುವಿನಲ್ಲಿ ಜಾರಿ ಬಿದ್ದಳು. ಮಣಿಕಟ್ಟು ಮುರಿಯಿತು.

ಅವಳು ಅವನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಗುರುಬಸವ ಬದಲಾದ. ಸ್ಕೂಟರಿಗೆ ಯಾವ ಟೈರ್ ಹಾಕಿಸಲಿ ಎಂದು ಗಿರಾಕಿ ಕೇಳಿದರೂ, "ನಿಮಗ ಬೇಕಾದ್ದು ನೀವ ಹೇಳ್ರಿ" ಅನ್ನತೊಡಗಿದ.

ಈ ಮಳೆಗಾಲದಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದ. ಅದೇ ಹೊತ್ತಿಗೆ ರೂಪಾಲಿ ಮತ್ತೆ ಅದೇ ಟ್ರ್ಯಾಕಿಗೆ ಹೋಗಿದ್ದಳು. ಬೆಳಗಿನ ಮಳೆ ನಿಂತಿತ್ತು, ಮೋಡ ಇತ್ತು, ಟ್ರ್ಯಾಕ್ ಅರ್ಧ ಒಣಗಿತ್ತು. ಅಲ್ಲಿಂದ ವಿಡಿಯೋ ಕಾಲ್ ಮಾಡಿದಳು. ಫೋನ್ ಹಿಡಿದುಕೊಂಡವನು ನಾನು.

"ಕಾಕಾ, ಬೋಲೋ ನಾ. ಯಾವ್ದು ಹಾಕ್ಲಿ?"

ಅವನು ಆಕಾಶ ತೋರಿಸೆಂದು ಕೈ ಮಾಡಿದ. ಟ್ರ್ಯಾಕನ್ನೂ ನೋಡಿದ. ಏನೋ ಹೇಳಲು ತುಟಿ ಅಲುಗಿತು. ಕೊನೆಗೆ, "ನೀನ ನೋಡವ್ವಾ" ಎಂದು ಗೋಡೆಯ ಕಡೆಗೆ ಮುಖ ತಿರುಗಿಸಿದ.

ಅವಳು ಮಳೆಯ ಟೈರನ್ನೇ ಹಾಕಿಸಿದಳು. ಈ ಸಲ ಮತ್ತೆ ಬಂದ ಮಳೆ ರೇಸ್ ಮುಗಿಯುವವರೆಗೂ ಬಿಡಲೇ ಇಲ್ಲ. ಮೂರನೆಯವಳಾಗಿ ಬಂದಳು. ಸಂಜೆ ಮತ್ತೆ ಫೋನ್ ಮಾಡಿದಾಗ ಗುರುಬಸವ ಮುಚ್ಚಿಡಲಿಲ್ಲ.

"ನಾ ಬಾಯಿ ಬಿಟ್ಟಿದ್ರ ಒಣಾ ಟ್ರ್ಯಾಕಿನ ಟೈರ ಹಾಕ್ಸು ಅಂತಿದ್ದೆ."

"ಅಚ್ಛಾ ಹುವಾ ಕಾಕಾ, ಹೇಳ್ಲಿಲ್ಲ. ಹೇಳಿದ್ರೆ ಈಗ ನಿಮ್ಮ ಬಾಜೂ ಬೆಡ್ ನಂದೇ ಇರ್ತಿತ್ತು."

ಅವಳು ಬಿದ್ದಂದಿನಿಂದ ನಗದ ಮನುಷ್ಯ ಕೆಮ್ಮು ಬರುವವರೆಗೂ ನಕ್ಕ. ನರ್ಸ್ ಬಂದು ಗದರಿಸಿದಳು.

ಆ ವಾರವೇ ತೀರಿಕೊಂಡ. ರೂಪಾಲಿ ಈಗ ಟೈರ್ ತಾನೇ ಆರಿಸುತ್ತಾಳೆ. ಆದರೂ ರೇಸಿಗೆ ಮುಂಚೆ ನನಗೆ ಫೋನ್ ಮಾಡಿ ಮೋಡ ಹೇಗಿದೆ, ಟ್ರ್ಯಾಕ್ ಎಷ್ಟು ಒಣಗಿದೆ ಎಂದೆಲ್ಲ ಹೇಳುತ್ತಾಳೆ. ಟೈರಿನ ವಿಚಾರ ನನಗೇನೂ ತಿಳಿಯದೆಂದು ಅವಳಿಗೆ ಗೊತ್ತು. ಅವಳು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳುತ್ತೇನೆ.