ಶುಕ್ರವಾರದ ಕೋಣೆ

ಬರ್ನಿಸ್ ಟಾಸ್ಕರ್ ತನ್ನ ಬೀಗಿತ್ತಿ ಥೆಲ್ಮಾಳಿಗಿಂತ ಹದಿನೇಳು ತಿಂಗಳು ಚಿಕ್ಕವಳು. ಈ ಹದಿನೇಳು ತಿಂಗಳ ಮೇಲೆ ಅವಳಿಗಿದ್ದ ಜಂಬ ಅಷ್ಟಿಷ್ಟಲ್ಲ. ಜೋಡಿ ಎಂಬ ಹೆಸರಿನ ತನ್ನ ಮಗಳನ್ನು ಥೆಲ್ಮಾಳ ಮಗನಿಗೆ ಕೊಟ್ಟ ಮದುವೆಯ ದಿನವೇ ಥೆಲ್ಮಾ ಹುಟ್ಟಿದ ತಿಂಗಳು, ವರ್ಷವನ್ನು ಯಾರಿಂದಲೋ ಕೇಳಿ ತಿಳಿದುಕೊಂಡವಳು, ಆಮೇಲೆ ಹತ್ತು ವರ್ಷ ತಾನೂ ಅದನ್ನು ಮರೆಯಲಿಲ್ಲ, ಥೆಲ್ಮಾ ಮರೆಯುವುದಕ್ಕೂ ಬಿಡಲಿಲ್ಲ. ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿದ್ದರೆ, ನಾಲ್ಕು ಜನಕ್ಕೆ ಕೇಳಿಸುವ ಹಾಗೆ, ದೊಡ್ಡವರು ನೀವು ಕೂತ್ಕೊಳ್ಳಿ ಅನ್ನುವಳು. ಥೆಲ್ಮಾ ಹಲ್ಲು ಕಚ್ಚಿಕೊಂಡು ಕೂರುವಳು. ಇಂಗ್ಲೆಂಡಿನ ಹಲ್ ಪಟ್ಟಣದ ಮೀನಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ನಿಂತು ನಿಂತು ಮೀನು ಸೀಳಿ, ಚಳಿಗೆ ಬೆರಳುಗಳೆಲ್ಲ ಸೊಟ್ಟಗಾಗಿ ಮನೆ ಸೇರಿದ ಬರ್ನಿಸ್‌ಗೆ ಮೆರೆಯಲು ಬೇರೆ ಏನಿತ್ತು?

ಇತ್ತು, ಇನ್ನೊಂದಿತ್ತು. ಅದು ಮೊಮ್ಮಗಳು ಟಿಲ್ಲಿ. ಜೋಡಿ ಶುಕ್ರವಾರ ಶನಿವಾರ ಬೇಕರಿಯಲ್ಲಿ ರಾತ್ರಿಪಾಳಿ ಮಾಡುತ್ತಿದ್ದಳು, ಗಂಡ ಕ್ರೇಗ್ ಲಾರಿಯ ಮೇಲೆ ಊರೂರು ತಿರುಗುವವನು. ಹಾಗಾಗಿ ಎಂಟು ವರ್ಷದ ಟಿಲ್ಲಿ ವಾರಕ್ಕೆ ಎರಡು ರಾತ್ರಿ ಬರ್ನಿಸ್ ಅಜ್ಜಿಯ ಮನೆಯಲ್ಲಿ, ಹಿಂದುಗಡೆಯ ಚಿಕ್ಕ ಕೋಣೆಯಲ್ಲಿ ಮಲಗುತ್ತಿದ್ದಳು. ಕ್ರೇಗ್‌ನ ತಾಯಿಯಾದ ಥೆಲ್ಮಾಳಿಗೂ ಮೊಮ್ಮಗಳೆಂದರೆ ಪ್ರಾಣವೇ. ಆದರೆ ಅವಳದು ಮುಖ್ಯರಸ್ತೆಯಾಚೆ ಒಂದೇ ಮಲಗುವ ಕೋಣೆಯ ಫ್ಲ್ಯಾಟು. ಅವಳ ಪಾಲಿಗೆ ಬಂದದ್ದು ಭಾನುವಾರದ ಊಟ ಮಾತ್ರ. ಬರ್ನಿಸ್‌ಗೆ ಇದರಲ್ಲಿ ಎಷ್ಟು ಸುಖವಿತ್ತೆಂದರೆ, ಭಾನುವಾರ ಮಗುವನ್ನು ಕಳಿಸುವ ಮುಂಚೆ ಬೆಳಗ್ಗೆಯೇ ಗಡದ್ದಾಗಿ ತಿಂಡಿ ತಿನ್ನಿಸಿ, ಅಲ್ಲಿ ಹೋಗಿ ಅದು ತಟ್ಟೆಯಲ್ಲಿ ಬಿಡುವ ಹಾಗೆ ಮಾಡುತ್ತಿದ್ದಳು.

ಎರಡು ಸಾವಿರದ ಹದಿಮೂರನೇ ಇಸವಿಯ ವಸಂತದಲ್ಲಿ ಕಾಗದ ಬಂತು. ಸರ್ಕಾರಿ ಮನೆಯ ಬಾಡಿಗೆದಾರರಿಗೆ ಕೊಡುವ ನೆರವಿನಲ್ಲಿ ಕಡಿತ. ನೀವು ಒಬ್ಬರೇ ಇರುವುದು, ನಿಮ್ಮ ಮನೆಯಲ್ಲಿ ಎರಡು ಮಲಗುವ ಕೋಣೆಗಳಿವೆ, ಒಂದು ಹೆಚ್ಚಾಯಿತು, ಆದ್ದರಿಂದ ನೆರವಿನಲ್ಲಿ ನೂರಕ್ಕೆ ಹದಿನಾಲ್ಕರಷ್ಟು ಕಡಿಮೆ ಮಾಡಲಾಗಿದೆ. ಉಳಿದದ್ದನ್ನು ಕೈಯಿಂದ ಹಾಕಿ ಅಥವಾ ಚಿಕ್ಕ ಮನೆಗೆ ಹೋಗಿ. ಕೆಳಗೆ ಇನ್ನೊಂದು ಸಾಲಿತ್ತು: ಪಿಂಚಣಿ ವಯಸ್ಸು ಮುಟ್ಟಿದವರಿಗೆ ಇದು ಅನ್ವಯಿಸುವುದಿಲ್ಲ. ಹೆಂಗಸರ ಪಿಂಚಣಿ ವಯಸ್ಸನ್ನು ಆ ವರ್ಷಗಳಲ್ಲಿ ತಿಂಗಳು ತಿಂಗಳು ಮೇಲಕ್ಕೆ ಏರಿಸುತ್ತಿದ್ದರು. ಥೆಲ್ಮಾ ಅದರೊಳಗೆ ಕೂದಲೆಳೆಯಲ್ಲಿ ನುಸುಳಿಕೊಂಡಿದ್ದಳು. ಬರ್ನಿಸ್ ಇನ್ನೂ ಮೂರು ವರ್ಷ ಕಾಯಬೇಕಿತ್ತು. ಹದಿನೇಳು ತಿಂಗಳ ಅಂತರ ಅದು ಹೇಗೆ ಮೂರು ವರ್ಷವಾಯಿತೋ ಅವಳಿಗೆ ಬಗೆಹರಿಯಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವಳು ಥೆಲ್ಮಾಳ ವಯಸ್ಸಿನ ಮೇಲೆ ಹೊಟ್ಟೆಕಿಚ್ಚುಪಟ್ಟಳು.

ನಗರಸಭೆಯ ಕೌಂಟರಿಗೆ ಹೋಗಿ, ಆ ಕೋಣೆ ಹೆಚ್ಚಿನದಲ್ಲ, ಅದು ನನ್ನ ಮೊಮ್ಮಗಳದು ಎಂದು ಹೇಳಿದಳು. ಅಲ್ಲಿದ್ದ ಹುಡುಗಿ ಒಳ್ಳೆಯವಳೇ, ಆದರೆ ಮಗು ಕಾಗದದ ಪ್ರಕಾರ ತಾಯಿಯ ಮನೆಯಲ್ಲಿ ವಾಸವಾಗಿದೆ, ಎರಡು ರಾತ್ರಿ ಲೆಕ್ಕಕ್ಕೆ ಬರುವುದಿಲ್ಲ ಎಂದಳು. ಬಾಡಿಗೆಗೆ ಯಾರನ್ನಾದರೂ ಆ ಕೋಣೆಯಲ್ಲಿ ಇಟ್ಟುಕೊಳ್ಳಿ ಎಂಬ ಕರಪತ್ರವನ್ನೂ ಕೊಟ್ಟಳು. ಕಷ್ಟಕ್ಕೆಂದು ಹದಿಮೂರು ವಾರದ ವಿಶೇಷ ಸಹಾಯ ಸಿಕ್ಕಿತು. ಜುಲೈಗೆ ಅದೂ ಮುಗಿಯಿತು.

ಆ ನಡುವೆ, ಜೂನ್ ತಿಂಗಳ ಒಂದು ಮಧ್ಯಾಹ್ನ, ಥೆಲ್ಮಾ ಬಂದಳು. ಕರೆಯದೆ ಬರುವವಳಲ್ಲ. ಅಡುಗೆಮನೆಯಲ್ಲಿ ಕೂತು, ಚಹಾ ಕುಡಿದು, ಬಿಸ್ಕತ್ತು ಅರ್ಧ ಮುರಿದು ತಟ್ಟೆಯಲ್ಲಿಟ್ಟು ವಿಷಯಕ್ಕೆ ಬಂದಳು. ಸರ್ಕಾರಿ ಬಾಡಿಗೆದಾರರು ಪರಸ್ಪರ ಒಪ್ಪಿದರೆ ಮನೆ ಅದಲುಬದಲು ಮಾಡಿಕೊಳ್ಳಬಹುದು. ಇಬ್ಬರ ಸಹಿ, ನಗರಸಭೆಯ ಒಪ್ಪಿಗೆ, ಅಷ್ಟೇ.

"ನಂಗೆ ಎಷ್ಟು ಕೋಣೆ ಇದ್ರೂ ಈಗ ಯಾರೂ ಕೇಳೋ ಹಾಗಿಲ್ಲ ಕಣ್ರೀ, ಮುದುಕಿ ಅಲ್ವಾ," ಎಂದಳು ಥೆಲ್ಮಾ. "ನೀವು ನನ್ನ ಫ್ಲ್ಯಾಟಿಗೆ ಬನ್ನಿ, ನಾನು ಇಲ್ಲಿಗೆ ಬರ್ತೀನಿ. ನಿಮ್ಮ ಕಡಿತ ಹೋಯ್ತು. ಟಿಲ್ಲಿ ಕೋಣೆ ಟಿಲ್ಲಿಗೇ ಉಳೀತು."

ಮಾತು ನ್ಯಾಯವಾಗಿಯೇ ಇತ್ತು. ಅದೇ ಬರ್ನಿಸ್‌ಗೆ ತಡೆಯಲಾಗದ್ದು. ಟಿಲ್ಲಿ ಅದೇ ಕೋಣೆಯಲ್ಲಿ, ತಾನು ಹಚ್ಚಿದ ಗೋಡೆಕಾಗದವನ್ನೇ ನೋಡುತ್ತಾ, ಥೆಲ್ಮಾಳ ಕೈಯಲ್ಲಿ ಹೊದಿಸಿಕೊಂಡು ಮಲಗುವುದು ಕಣ್ಣಿಗೆ ಕಟ್ಟಿತು. ತಾನು ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿ ತನ್ನದೇ ಮನೆಗೆ ಊಟಕ್ಕೆ ಬರಬೇಕು.

"ನನ್ನ ಹೆಣ ಇಲ್ಲಿಂದ ಹೋದ್ಮೇಲೆ ಬನ್ನಿ," ಎಂದಳು.

"ಅಲ್ಲಿವರೆಗೆ ಮಗು ದೊಡ್ಡದಾಗಿರತ್ತೆ," ಎಂದು ಥೆಲ್ಮಾ ಎದ್ದಳು. ಮುರಿದ ಬಿಸ್ಕತ್ತನ್ನು ಬರ್ನಿಸ್ ಹಕ್ಕಿಗಳಿಗೆ ಎಸೆದಳು.

ಆಮೇಲಿನ ನಾಲ್ಕು ತಿಂಗಳು ಅವಳು ಬದುಕಿದ್ದು ಶುಕ್ರವಾರಕ್ಕಾಗಿ. ಬಾಡಿಗೆಯ ಕಡಿತ ತುಂಬಲು ದುಡ್ಡು ಉಳಿಸಬೇಕೆಂದು ವಾರವೆಲ್ಲ ಮನೆ ಬಿಸಿಮಾಡುತ್ತಿರಲಿಲ್ಲ. ಬೆಳಗ್ಗೆ ಗ್ರಂಥಾಲಯದ ಬೆಚ್ಚನೆಯ ಮೂಲೆಯಲ್ಲಿ ಕೂತು, ಓದದ ಪತ್ರಿಕೆಯ ಹಾಳೆ ಮಗುಚುವಳು. ಮಧ್ಯಾಹ್ನ ಬಟ್ಟೆ ಒಗೆಯುವ ಅಂಗಡಿಗೆ ಹೋಗಿ, ಯಾರದೋ ಬಟ್ಟೆ ಯಂತ್ರದಲ್ಲಿ ತಿರುಗುವುದನ್ನು ನೋಡುವಳು. ರಾತ್ರಿ ಬ್ರೆಡ್ಡು, ಡಬ್ಬಿ ಸೂಪು, ಕೋಟು ಹಾಕಿಕೊಂಡೇ ನಿದ್ರೆ. ಶುಕ್ರವಾರ ಮೂಲೆಯಂಗಡಿಗೆ ಹೋಗಿ ಮುಂಗಡ ಕಟ್ಟಿದರಷ್ಟೇ ನಡೆಯುವ ವಿದ್ಯುತ್ ಮೀಟರಿಗೆ ದುಡ್ಡು ತುಂಬಿಸಿ, ನಾಲ್ಕಕ್ಕೆ ಹೀಟರು ಹಚ್ಚಿ, ಟಿಲ್ಲಿ ಬರುವಷ್ಟರಲ್ಲಿ ಮನೆ ಯಾವಾಗಲೂ ಹೀಗೇ ಬೆಚ್ಚಗಿರುತ್ತದೆ ಎಂಬ ಹಾಗೆ ನಿಲ್ಲುವಳು. ಆದರೆ ವಾರವಿಡೀ ತಣ್ಣಗಿದ್ದ ಗೋಡೆ ಎರಡು ಗಂಟೆಯಲ್ಲಿ ಬೆಚ್ಚಗಾಗುತ್ತದೆಯೇ? ಅಕ್ಟೋಬರಿಗೆ ಚಿಕ್ಕ ಕೋಣೆಯ ಕಿಟಕಿಯ ಕೆಳಗೆ ಕಪ್ಪು ಬೂಷ್ಟು ಹತ್ತಿತು. ಟಿಲ್ಲಿ ಕೆಮ್ಮತೊಡಗಿದಳು. ಅದು ಶಾಲೆಯಿಂದ ತಂದ ಕೆಮ್ಮು ಎಂದು ಬರ್ನಿಸ್ ಹೇಳಿದಳು.

ಅದೇ ತಿಂಗಳು ಥೆಲ್ಮಾ ಬರ್ನಿಸ್‌ನ ಬೀದಿಗೇ ವಾಸಕ್ಕೆ ಬಂದಳು. ಬರ್ನಿಸ್ ಒಲ್ಲೆನೆಂದದ್ದಕ್ಕೆ ಅವಳು ಕೈಕಟ್ಟಿ ಕೂತಿರಲಿಲ್ಲ. ಮೂರು ಮನೆ ಆಚೆಗಿದ್ದ ಗ್ರಹಾಂ ಎಂಬ ಒಂಟಿ ಗಂಡಸಿಗೂ ಎರಡು ಕೋಣೆ, ಅವನಿಗೂ ಕಡಿತ. ಥೆಲ್ಮಾ ಕೇಳಿದ್ದೇ ತಡ ಸಹಿ ಹಾಕಿದ. ಬರ್ನಿಸ್‌ಗೆ ಸಿಗಬೇಕಿದ್ದ ಫ್ಲ್ಯಾಟಿನಲ್ಲಿ ಅವನು ಕಾಲು ಚಾಚಿ ಕೂತ. ಲಾರಿಯಿಂದ ಥೆಲ್ಮಾಳ ಸಾಮಾನು ಇಳಿಯುವುದನ್ನು ಬರ್ನಿಸ್ ಪರದೆಯ ಹಿಂದೆ ನಿಂತು ಒಂದೊಂದಾಗಿ ನೋಡಿದಳು. ಹೊಸದೊಂದು ಚಿಕ್ಕ ಮಂಚ ಇಳಿದಾಗ ಕಿಟಕಿಯಿಂದ ಹಿಂದೆ ಸರಿದಳು.

ಮಗಳು ಬಂದು ಹೇಳಿದ್ದು ನವೆಂಬರಿನಲ್ಲಿ. ಜೋಡಿ ಬಾಗಿಲಲ್ಲೇ ನಿಂತಿದ್ದಳು, ಕೋಟು ತೆಗೆದಿರಲಿಲ್ಲ. ಒಳಗೆ ಕೋಟು ತೆಗೆಯುವ ಹಾಗೂ ಇರಲಿಲ್ಲ.

"ಅಮ್ಮಾ, ಬೇಜಾರು ಮಾಡ್ಕೋಬೇಡ. ಮಗು ರಾತ್ರಿಯೆಲ್ಲ ಕೆಮ್ಮತ್ತೆ. ಇನ್ಮೇಲೆ ಶುಕ್ರವಾರ, ಶನಿವಾರ ಅತ್ತೆ ಮನೇಲಿ ಮಲಗಲಿ. ನೀನು ಭಾನುವಾರ ಅಲ್ಲಿಗೆ ಊಟಕ್ಕೆ ಬಾ."

ಮಗಳು ಹೋದ ಮೇಲೆ, ಆ ಫ್ಲ್ಯಾಟನ್ನು ಒಪ್ಪಿಕೊಂಡಿದ್ದರೆ ತಾನು ಬೆಚ್ಚಗಾದರೂ ಇರುತ್ತಿದ್ದೆ ಎಂದು ಹೊಳೆದು ಬರ್ನಿಸ್ ತಲೆ ಚಚ್ಚಿಕೊಂಡಳು. ಹೊಟ್ಟೆಕಿಚ್ಚಿಗೆ ಮನೆ ಉಳಿಸಿಕೊಂಡು ಮಗುವನ್ನು ಬಿಟ್ಟುಕೊಟ್ಟಂತಾಗಿತ್ತು. ಇಷ್ಟಾದರೂ ಸಿಟ್ಟು ತನ್ನ ಮೇಲೆ ಬರಲಿಲ್ಲ, ಥೆಲ್ಮಾಳ ಮೇಲೆಯೇ ಬಂತು.

ಮೊದಲ ಭಾನುವಾರ ಊಟಕ್ಕೆ ಹೋದಳು. ಹುರಿದ ಕೋಳಿ, ಆಲೂಗಡ್ಡೆ, ಸಾರು, ಎಲ್ಲ ಚೆನ್ನಾಗಿಯೇ ಇತ್ತು. ಅದರಿಂದ ಇನ್ನಷ್ಟು ಉರಿಯಿತು. ಬಾತ್‌ರೂಮಿನ ನೆಪ ಹೇಳಿ ಮೆಟ್ಟಿಲು ಹತ್ತಿ ಟಿಲ್ಲಿಯ ಕೋಣೆಯ ಬಾಗಿಲು ತಳ್ಳಿದಳು. ನೆಲವೆಲ್ಲ ಬರೀ ಮರದ ಹಲಗೆ. ಅಲ್ಲಿನ ಪದ್ಧತಿಯೇ ಹಾಗೆ, ಮನೆ ಬಿಟ್ಟು ಹೋಗುವವರು ಕಾರ್ಪೆಟ್ಟು ಕಿತ್ತುಕೊಂಡೇ ಹೋಗುವುದು. ಗ್ರಹಾಂ ಬಲ್ಬುಗಳನ್ನೂ ಬಿಟ್ಟಿರಲಿಲ್ಲ. ಥೆಲ್ಮಾ ತನ್ನ ಫ್ಲ್ಯಾಟಿನಿಂದ ತಂದ ಕಾರ್ಪೆಟ್ಟು ಮುಂದಿನ ಕೋಣೆಗೆ ಮಾತ್ರ ಸಾಕಾಗಿತ್ತು. ಬರ್ನಿಸ್‌ಗೆ ಹೊಟ್ಟೆಗೆ ಹಾಲು ಹುಯ್ದಷ್ಟು ತಂಪಾಯಿತು. ಬೀಗಿತ್ತಿಯ ಬೆಚ್ಚನೆ ಮನೆಯ ವೈಭವ ಇಷ್ಟೇನಾ!

ಆಮೇಲೆ ಮಂಚದ ಬುಡದಲ್ಲಿ ಟಿಲ್ಲಿಯ ಕಾಲುಚೀಲ ಕಂಡವು. ಒಂದರೊಳಗೊಂದು ಎರಡೆರಡು ಜೊತೆ. ಕೆಳಗಿಳಿದು ಬಂದು ನೋಡಿದರೆ ಮಗುವಿನ ಹಿಮ್ಮಡಿಗೆ ಪಟ್ಟಿ ಅಂಟಿಸಿತ್ತು. ಹಲಗೆಯ ಸಿಬಿರು ಚುಚ್ಚಿತ್ತಂತೆ. ನೋವಾಯ್ತಾ ಎಂದು ಬರ್ನಿಸ್ ಕೇಳಿದಳು. ಇಲ್ಲ, ಗ್ರ್ಯಾನ್ ಸೂಜಿಯಲ್ಲಿ ತೆಗೆದಳು, ನಾನು ಅಳಲೇ ಇಲ್ಲ ಎಂದಿತು ಮಗು. ಬರ್ನಿಸ್ ಅಜ್ಜಿಯನ್ನು ನ್ಯಾನಾ ಎಂದು, ಥೆಲ್ಮಾಳನ್ನು ಗ್ರ್ಯಾನ್ ಎಂದು ಅದು ಕರೆಯುವುದು. ಆ ಸೂಜಿ ತನ್ನ ಕೈಯಲ್ಲಿರಬೇಕಿತ್ತು ಎಂದು ಬರ್ನಿಸ್ ಕುದಿದಳು.

ಸೋಮವಾರ ಅವಳು ಗ್ರಂಥಾಲಯಕ್ಕೆ ಹೋಗಲಿಲ್ಲ. ಚಿಕ್ಕ ಕೋಣೆಯ ಮಂಚ ಸರಿಸಿ, ಸೊಟ್ಟ ಬೆರಳುಗಳಲ್ಲೇ ಇಕ್ಕಳ ಹಿಡಿದು, ಗೋಡೆಯಂಚಿನ ಮೊಳೆಪಟ್ಟಿಯಿಂದ ಕಾರ್ಪೆಟ್ಟನ್ನು ಕಿತ್ತಳು. ಬೂಷ್ಟು ಹತ್ತಿದ ಅಂಚನ್ನು ಕತ್ತರಿಸಿ ಎಸೆದಳು. ಉಳಿದದ್ದನ್ನು ಒಳ್ಳೆಯ ಬಿಸಿಲಿಗೆ, ಅಂದರೆ ಆ ಊರಿನ ನವೆಂಬರಿನಲ್ಲಿ ಸಿಕ್ಕಷ್ಟು ಬಿಸಿಲಿಗೆ, ಹಿತ್ತಿಲ ಬೇಲಿಯ ಮೇಲೆ ಹಾಕಿ ಬಡಿದಳು. ಮಧ್ಯಾಹ್ನ ಸುರುಳಿ ಸುತ್ತಿ, ಅಂಗಡಿ ಸಾಮಾನು ತರುವ ಗಾಲಿಚೀಲಕ್ಕೆ ಕಟ್ಟಿ, ಮೂರು ಮನೆ ಆಚೆಗೆ ಎಳೆದುಕೊಂಡು ಹೋದಳು. ಬೀದಿಯವರು ನೋಡಿದರು, ನೋಡಲಿ.

ಥೆಲ್ಮಾ ಬಾಗಿಲು ತೆರೆದು, ಸುರುಳಿ ನೋಡಿ, ದಾರಿ ಬಿಟ್ಟಳು. ಇಬ್ಬರೂ ಸೇರಿ ಮೆಟ್ಟಿಲ ಮೇಲೆ ಹತ್ತಿಸಿದರು. ಹಾಸುವ ಕೆಲಸಕ್ಕೆ ಬರ್ನಿಸ್ ಅವಳ ಕೈ ಸೋಕಗೊಡಲಿಲ್ಲ. ಮಂಡಿಯೂರಿ ಮೂಲೆ ಮೂಲೆಗೆ ಒತ್ತಿ ಕೂರಿಸಿದಳು. ಕಿಟಕಿಯ ಕಡೆ ಒಂದು ಗೇಣು ಸಾಲಲಿಲ್ಲ. ಕತ್ತರಿಸಿದ ಅಂಚು ಬೆರಳಷ್ಟೇ ಅಗಲವಿದ್ದದ್ದು, ಹಾಗಾದರೆ ಥೆಲ್ಮಾಳ ಕೋಣೆಯೇ ದೊಡ್ಡದು. ಇದಕ್ಕೂ ಬರ್ನಿಸ್‌ಗೆ ಹೊಟ್ಟೆ ಉರಿಯಿತು. ಮಂಚವನ್ನು ಆ ಗೇಣಿನ ಮೇಲೆ ಎಳೆದು ಮುಚ್ಚಿದಳು.

ಥೆಲ್ಮಾ ಬಾಗಿಲಿಗೆ ಒರಗಿ ನಿಂತಿದ್ದಳು. ಇದಕ್ಕೆ ಎಷ್ಟು ಕೊಡಲಿ ಎಂದು ಕೇಳಿದಳು.

ಬರ್ನಿಸ್ ಮಂಡಿ ಹಿಡಿದುಕೊಂಡು ಎದ್ದಳು. "ದುಡ್ಡು ಯಾರಿಗೆ ಬೇಕು. ಶುಕ್ರವಾರ ಟಿಲ್ಲಿನ ಮಲಗಿಸೋದು ನಾನು. ಕತೆ ಹೇಳೋದು, ಹೊದಿಸೋದು, ದೀಪ ಆರಿಸೋದು ಎಲ್ಲಾ ನಾನೇ. ಅಷ್ಟು ಹೊತ್ತು ನೀವು ಕೆಳಗಿರಬೇಕು. ಮಲಗಿದ ಮೇಲೆ ನಮ್ಮನೆಗೆ ಹೋಗ್ತೀನಿ."

ಥೆಲ್ಮಾ ಥಟ್ಟನೆ ಒಪ್ಪಲಿಲ್ಲ. ತುಟಿ ಬಿಗಿಯಿತು, ಕಣ್ಣು ಮಂಚದ ಮೇಲೆ ಹೋಯಿತು, ಕುತ್ತಿಗೆಯ ಮೇಲೆ ಕೆಂಪು ಏರಿತು. ಒಂದು ವಾರವೂ ಆಗಿರಲಿಲ್ಲ ಅವಳಿಗೆ ಶುಕ್ರವಾರ ಸಿಕ್ಕು. ಆ ಮುಖ ಬರ್ನಿಸ್‌ಗೆ ಚೆನ್ನಾಗಿ ಗೊತ್ತಿತ್ತು. ಕಾಗದ ಬಂದ ಏಪ್ರಿಲ್‌ನಿಂದ ಕನ್ನಡಿಯಲ್ಲಿ ಅವಳು ದಿನಾ ನೋಡುತ್ತಿದ್ದದ್ದು ಅದನ್ನೇ.

"ಶುಕ್ರವಾರ ಒಂದೇ," ಎಂದಳು ಥೆಲ್ಮಾ ಕೊನೆಗೆ. "ಶನಿವಾರ ನಂದು. ಆವತ್ತು ನೀವು ಈ ಕಡೆ ತಲೆ ಹಾಕ್ಬಾರದು."

ಬರ್ನಿಸ್ ಒಪ್ಪಿದಳು. ಖಾಲಿ ಗಾಲಿಚೀಲ ಎಳೆದುಕೊಂಡು ತಣ್ಣನೆಯ ತನ್ನ ಮನೆಗೆ ಹೊರಟವಳು, ಮೂರು ಮನೆ ದಾಟುವಷ್ಟರಲ್ಲಿ, ಶನಿವಾರ ಥೆಲ್ಮಾ ಮಗುವಿಗೆ ಯಾವ ಕತೆ ಹೇಳುತ್ತಾಳೋ ಎಂದು ಯೋಚಿಸಿ ಯೋಚಿಸಿ ಮೈ ಪರಚಿಕೊಂಡಳು.