ಲೋಕಯ್ಯನ ಅಳತೆಕೋಲು

ಬೋಳಾರದ ಹೆಂಚಿನ ಕಾರ್ಖಾನೆಯಲ್ಲಿ ಅಚ್ಚಿನ ಬಡಗಿಯಾಗಿದ್ದ ಲೋಕಯ್ಯನ ಬಳಿ ಬೀಟೆ ಮರದ ಒಂದು ಅಳತೆಕೋಲಿತ್ತು. ಅದರಲ್ಲಿ ಹನ್ನೆರಡು ಇಂಚಿನ ಗೆರೆಗಳಿದ್ದವು. ಆದರೆ ಪೇಟೆಯ ಕೋಲಿನ ಪಕ್ಕದಲ್ಲಿಟ್ಟರೆ ಅದು ಒಂದಿಂಚು ಉದ್ದವಾಗಿ ಕಾಣುತ್ತಿತ್ತು. ಒದ್ದೆ ಮಣ್ಣಿನ ಹೆಂಚು ನೆರಳಿನಲ್ಲಿ ಒಣಗುವಾಗ ಸ್ವಲ್ಪ ಕುಗ್ಗುತ್ತದೆ, ಭಟ್ಟಿಯಲ್ಲಿ ಬೇಯುವಾಗ ಇನ್ನೂ ಸ್ವಲ್ಪ. ಬೆಂದು ಹೊರಬಂದದ್ದು ಸರಿಯಾಗಿ ಒಂದಡಿ ಇರಬೇಕಾದರೆ ಮರದ ಅಚ್ಚು ಹದಿಮೂರು ಇಂಚು ಇರಬೇಕು. ಬೆಂಕಿ ತಿನ್ನುವಷ್ಟನ್ನು ಮೊದಲೇ ಸೇರಿಸಿ ಗೆರೆ ಎಳೆದ ಕೋಲು ಅದು.

ಇಪ್ಪತ್ತಾರು ವರ್ಷ ಅದನ್ನೇ ಹಿಡಿದ ಮೇಲೆ ಅವನಿಗೆ ಬೇರೆ ಇಂಚೊಂದು ಇದೆ ಎಂಬುದೇ ಮರೆತುಹೋಗಿತ್ತು. ಮನೆಯ ಊಟದ ಮಣೆಗಳೂ ಅದೇ ಕೋಲಿನವು, ಮಗ ದುಗ್ಗಪ್ಪ ಮಲಗಿದ್ದ ತೊಟ್ಟಿಲೂ ಅದೇ ಕೋಲಿನದು. ಭಟ್ಟಿಗೆ ಬೆಂಕಿ ಹಾಕುವ ಜೋನ್ ಹಬ್ಬಕ್ಕೆ ಊಟಕ್ಕೆ ಬಂದಾಗಲೆಲ್ಲ ಹೇಳುತ್ತಿದ್ದ: "ನಿನ್ನ ಮಣೆಯಲ್ಲಿ ಕೂತರೆ ನಾನು ಸಪೂರ ಆದ ಹಾಗೆ ಕಾಣ್ತದೆ ಮಾರಾಯ. ಮುದ್ದಕ್ಕ, ಇನ್ನೊಂದು ಸೌಟು ಹಾಕಿ."

ದುಗ್ಗಪ್ಪ ಎಂಟನೆಯವರೆಗೆ ಓದಿ, ಎರಡು ವರ್ಷ ಅಪ್ಪನ ಪಕ್ಕದಲ್ಲಿ ನಿಂತು ಅಚ್ಚಿನ ಕೆಲಸ ಕಲಿತ. ಕೈ ಚೆನ್ನಾಗಿತ್ತು. ಲೋಕಯ್ಯ ಅದನ್ನು ಅವನಿಗೆ ಒಮ್ಮೆಯೂ ಹೇಳಲಿಲ್ಲ, ಜೋನನಿಗೆ ಹೇಳಿದ್ದ. ಯುದ್ಧ ಶುರುವಾದ ಮರುವರ್ಷ ಮಗ ಒಂದು ದಿನ ಜಗಲಿಯ ಕಂಬಕ್ಕೆ ಒರಗಿ ನಿಂತು ಹೇಳಿದ:

"ಅಪ್ಪ, ನಾನು ಪಟಾಲಮಿಗೆ ಸೇರ್ತೇನೆ. ವಿಮಾನದ್ದು. ಫಿಟ್ಟರ್ ಕೆಲಸ ಕಲಿಸ್ತಾರಂತೆ."

"ಇಲ್ಲಿ ಎಂತ ಕಡಿಮೆ ಉಂಟು ನಿನಗೆ?"

"ಕಡಿಮೆ ಎಂತ ಇಲ್ಲ. ದಿನಾ ಒಂದೇ ಹೆಂಚು."

ಲೋಕಯ್ಯ ಎಲೆಯಡಿಕೆ ತಟ್ಟೆಯನ್ನು ಬದಿಗೆ ಸರಿಸಿದ. "ಹಾಗಾದರೆ ಹೋಗು. ನನಗೆ ಕಾಗದ ಬರೆಯಬೇಡ."

ಮಗ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಪಂಜಾಬಿನ ಕಡೆಯ ಯಾವುದೋ ಠಾಣೆಯಿಂದ ತಿಂಗಳಿಗೊಂದು ಕಾಗದ ಬರುತ್ತಿತ್ತು, ಆದರೆ ತಂಗಿ ಕುಶಲಾಳ ಹೆಸರಿಗೆ. ಅವಳು ಅಡುಗೆಮನೆಯಲ್ಲಿ ಅಮ್ಮ ಮುದ್ದುವಿಗೆ ಓದಿ ಹೇಳುವಾಗ ಲೋಕಯ್ಯ ಜಗಲಿಯಲ್ಲಿ ಕೂತಿರುತ್ತಿದ್ದ. ಅವಳು ಸ್ವರ ಸ್ವಲ್ಪ ಏರಿಸಿಯೇ ಓದುತ್ತಿದ್ದಳು.

ಮುದ್ದುವಿಗೆ ಒಂದೇ ಚಿಂತೆ. ಮಗ ರಿಪೇರಿ ಮಾಡುವ ಆ ವಿಮಾನ ಹೇಗಿರುತ್ತದೆ? ಕುಶಲಾ ಅದನ್ನು ಬರೆದಳು. ಸಾವಿರದ ಒಂಬೈನೂರ ನಲವತ್ತೊಂದರ ದೀಪಾವಳಿ ಕಳೆದ ಮೇಲೆ ಉತ್ತರವಾಗಿ ಒಂದು ಕಟ್ಟು ಬಂತು. ಒಳಗೆ ಕೆಂಪು ಮರದಲ್ಲಿ ಕೆತ್ತಿದ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಪಂಖ. ವಿಮಾನದ ಮೂತಿಯಲ್ಲಿ ತಿರುಗುವಂಥದ್ದು. ಅದರ ಹಿಂದೆ ಮೂತಿಯ ಮೇಲೆ ಕೂರಲು ಸಣ್ಣ ಬಟ್ಟಲಿನಂಥ ಗುಳಿ. ಜೊತೆಗೆ ಇಂಚುಗಳನ್ನು ಬರೆದ ಒಂದು ನಕ್ಷೆ. ಕಾಗದದಲ್ಲಿ ಹೀಗಿತ್ತು: "ಅಮ್ಮನಿಗೆ ತೋರಿಸಲು ಇಡೀ ವಿಮಾನ ಮಾಡಬೇಕೆಂದಿದ್ದೆ. ಪಂಖ ಮಾಡುವಷ್ಟೇ ಬಿಡುವು ಸಿಕ್ಕಿತು. ನಮ್ಮ ಬೋಳಾರದಲ್ಲಿ ಮರದ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ಉಳಿದದ್ದನ್ನು ಮಾಡಿಸಿ ಇಡು. ಮೇ ತಿಂಗಳಲ್ಲಿ ರಜೆಯ ಮೇಲೆ ಬರುವಾಗ ಅದರಲ್ಲಿ ತಪ್ಪಿದ್ದರೆ ಹೇಳುತ್ತೇನೆ."

ಕುಶಲಾ ಓದಿ ಮುಗಿಸಿದಳು. ನಕ್ಷೆಯನ್ನು ಜಗಲಿಯ ಕಡೆಯ ಕಿಟಕಿಯ ಮೇಲೆ ಇಟ್ಟಳು. ಸಂಜೆಗೆ ನೋಡಿದರೆ ಅದು ಅಲ್ಲಿರಲಿಲ್ಲ.

ಮುಂದಿನ ಆದಿತ್ಯವಾರ ಲೋಕಯ್ಯ ಮನೆಯ ಹಿಂದಿನ ದನದ ಹಟ್ಟಿಯನ್ನು ಗುಡಿಸಿದ. ದನ ಕೊಟ್ಟು ಎರಡು ವರ್ಷವಾಗಿತ್ತು. ಒಳಗೆ ತೆಂಗಿನ ಮಡಲು, ಒಡೆದ ಹೆಂಚು ತುಂಬಿತ್ತು. ನೆಲಕ್ಕೆ ಸೆಗಣಿ ಸಾರಿಸಲು ಮುದ್ದುವಿಗೆ ಹೇಳಿದ, ಯಾಕೆಂದು ಹೇಳಲಿಲ್ಲ. ನದಿಯ ಕಡೆಯ ಗೋಡೆಯಲ್ಲಿ ನಾಲ್ಕು ಕಲ್ಲು ತೆಗೆದು ಬೆಳಕಿಗೆ ದಾರಿ ಮಾಡಿದ. ಹಳೆಯ ಬಾಗಿಲಿನ ಹಲಗೆಯನ್ನು ಗೂಟಗಳ ಮೇಲೆ ಕೂರಿಸಿ ಮೇಜು ಮಾಡಿದ. ಬಿದಿರನ್ನು ಹಿಡಿದುಕೊಳ್ಳಲು ಎರಡು ಮರದ ದವಡೆಗಳು, ಅಂಟು ಕಾಯಿಸಲು ಕೆಂಡದ ಮಡಿಕೆ, ಉಳಿಗಳನ್ನು ಸಾಲಾಗಿ ಸಿಕ್ಕಿಸಲು ಚರ್ಮದ ಪಟ್ಟಿ. ಮಾಡಿಗೆ ಹೊದಿಸಿದ ಮುಳಿಹುಲ್ಲು ಒಂದೆರಡು ಕಡೆ ಸೋರುತ್ತಿತ್ತು. ಮಳೆಗಾಲಕ್ಕೆ ಮೊದಲು ಕೆಲಸ ಮುಗಿಯುತ್ತದಲ್ಲ ಎಂದು ಬಿಟ್ಟ.

ಹಗುರವಿರಲಿ ಎಂದು ಹಾಲೆ ಮರದ ತುಂಡು ತಂದಾಗ ಮುದ್ದು ತಡೆದಳು. "ಆಟಿ ಅಮಾಸೆಗೆ ಕಲ್ಲಿನಿಂದ ಜಜ್ಜಿ ಮದ್ದು ತೆಗೆಯುವ ಮರ ಅದು. ಕಬ್ಬಿಣ ತಾಗಿಸ್ತೀರಾ?"

"ಆಟಿಗೆ ಇನ್ನೂ ಎಂಟು ತಿಂಗಳು ಉಂಟು," ಎಂದ ಲೋಕಯ್ಯ, ಉಳಿ ಎತ್ತಿಕೊಂಡ.

ಕಾರ್ಖಾನೆ ಬಿಟ್ಟು ಬಂದ ಮೇಲೆ ಕತ್ತಲಾಗುವವರೆಗೆ, ಆದಿತ್ಯವಾರ ಇಡೀ ದಿನ, ಅವನು ಹಟ್ಟಿಯಲ್ಲೇ ಇರುತ್ತಿದ್ದ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ. ಅವಕ್ಕೆ ಬಿದಿರಿನ ಪಕ್ಕೆಲುಬು, ಮೇಲೆ ಗಾಳಿಪಟದ ಕಾಗದ, ಅದರ ಮೇಲೆ ಗಂಜಿ. ಒಣಗಿದಾಗ ಕಾಗದ ಬಿಗಿದು, ಉಗುರಿನಿಂದ ತಟ್ಟಿದರೆ ಚೆಂಡೆಯಂತೆ ಸದ್ದು. ಜೋನ್ ಬಾಗಿಲಲ್ಲಿ ಕೂತು ಬೀಡಿ ಸೇದುತ್ತ ಕೆಣಕುತ್ತಿದ್ದ. "ಇದು ಮೇಲೆ ಹೋದರೆ ನನ್ನನ್ನೂ ಕೂರಿಸಿಕೋ. ಭಟ್ಟಿಯ ಹೊಗೆ ಮೇಲಿನಿಂದ ಹೇಗೆ ಕಾಣ್ತದೆ ನೋಡ್ಬೇಕು."

ಮುದ್ದು ಒಮ್ಮೆ ಬಂದು ಒಡಲಿನ ಎರಡು ಗುಳಿಗಳನ್ನು ಬೆರಳಿನಿಂದ ಮುಟ್ಟಿದಳು. "ಇಲ್ಲಿ ಎಂತ?"

"ಕೂರುವ ಜಾಗ. ಮುಂದೆ ಓಡಿಸುವವ. ಹಿಂದೆ ಇನ್ನೊಬ್ಬ."

"ಮೇಲೆ ಮಾಡು ಇಲ್ಲವಾ? ಹೆಂಚು ಮಾಡುವವನ ಮಗ ಮಳೆಗೆ ಬರೀ ತಲೆಯಲ್ಲಿ ಕೂರುವುದಾ?"

ಲೋಕಯ್ಯನಿಗೆ ನಗು ಬಂತು. ನಗಲಿಲ್ಲ.

ಮಾರ್ಚ್ ಕೊನೆಗೆ ಒಡಲು ಮುಗಿಯಿತು. ಪಂಖ ತಂದು ಮೂತಿಗೆ ಹಿಡಿದ, ಕೂರಲಿಲ್ಲ. ಬಟ್ಟಲು ಸಣ್ಣದು, ಮೂತಿ ದಪ್ಪ. ನಕ್ಷೆ ನೋಡಿದ, ಬೀಟೆಯ ಕೋಲು ಇಟ್ಟು ಅಳೆದ. ತನ್ನದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಮೂತಿ ಸ್ವಲ್ಪ ಕೆತ್ತಿದರಾಯ್ತಲ್ಲ," ಎಂದ ಜೋನ್.

"ಅಳತೆ ತಪ್ಪಿದ್ದು ಅವನು. ಕೆತ್ತುವುದು ನಾನಾ?"

ಆ ದಿನ ಅವನು ಕುಶಲಾಳನ್ನು ಕರೆದು ಹೇಳಿದ: "ಬರೆ. ಅವನ ಪಂಖ ಸಣ್ಣದಾಗಿದೆ ಅಂತ ಬರೆ. ಎರಡು ವರ್ಷ ನನ್ನ ಹತ್ತಿರ ಕಲಿತವನಿಗೆ ಇಷ್ಟು ಗೊತ್ತಿಲ್ಲವಾ ಅಂತ ಅಪ್ಪ ಕೇಳಿದರು ಅಂತ ಬರೆ." ಅಪ್ಪ ಎಂಬ ಪದ ಬರೆಯುವಾಗ ಕುಶಲಾ ತಲೆ ಎತ್ತಲಿಲ್ಲ. ಒಂದೂವರೆ ವರ್ಷದಲ್ಲಿ ಅವನು ಮಗನಿಗೆ ಹೇಳಿ ಕಳಿಸಿದ ಮೊದಲ ಮಾತು ಅದು.

ಹದಿನೈದು ದಿನಕ್ಕೆ ಉತ್ತರ ಬಂತು. ಒಂದು ಕಾರ್ಡು. "ಕುಶಲಾ, ಅಪ್ಪನಿಗೆ ಕೇಳು, ಯಾವ ಕೋಲಿನಲ್ಲಿ ಅಳೆದದ್ದು? ವಿಮಾನ ಭಟ್ಟಿಗೆ ಹೋಗುವುದಿಲ್ಲ ಅಂತ ಹೇಳು. ಮೇ ಹತ್ತಕ್ಕೆ ಹೊರಡುತ್ತೇನೆ."

ಅವಳು ಅಡುಗೆಮನೆಗೆ ಹೋಗದೆ ಜಗಲಿಯಲ್ಲೇ, ಅವನೆದುರು ನಿಂತು ಓದಿದಳು. ಲೋಕಯ್ಯ ಗೋಡೆಗೆ ಆನಿಸಿದ್ದ ಬೀಟೆಯ ಕೋಲನ್ನು ನೋಡಿದ. ಆಮೇಲೆ ಹೆಗಲು ಕುಲುಕಿಸಿ ನಗತೊಡಗಿದ. ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ಮುದ್ದು ಚೊಂಬು ಹಿಡಿದು ಓಡಿಬರುವವರೆಗೂ ನಕ್ಕ. "ಹೌದು ಮಾರಾಯ," ಎನ್ನುತ್ತಿದ್ದ, ಮಗ ಎದುರಿಗಿದ್ದಂತೆ. "ಹೌದು. ಭಟ್ಟಿಗೆ ಹೋಗುವುದಿಲ್ಲ."

ಮರುದಿನ ಕುಶಲಾಳ ಶಾಲೆಯ ಫೂಟುಕೋಲು ಕೇಳಿ ತೆಗೆದುಕೊಂಡು ಹೊಸ ಒಡಲೊಂದನ್ನು ಶುರುಮಾಡಿದ. ದೊಡ್ಡದನ್ನು ಮೂಲೆಯಲ್ಲಿ ಗೋಡೆಗೆ ಆನಿಸಿಟ್ಟ. ಕೈ ಹಳೆಯ ಅಳತೆಗೇ ಹೋಗುತ್ತಿತ್ತು, ಎರಡು ತುಂಡು ಹಾಳಾದವು. ಆದರೂ ಮೇ ಹತ್ತರೊಳಗೆ ಆಗಬೇಕು.

ಏಪ್ರಿಲ್ ಇಪ್ಪತ್ತೆಂಟಕ್ಕೆ ತಂತಿ ಬಂತು. ಇಂಗ್ಲಿಷಿನಲ್ಲಿತ್ತು. ಕುಶಲಾಳಿಗೆ ಎಲ್ಲ ಪದ ತಿಳಿಯಲಿಲ್ಲ, ಅಣ್ಣನ ಹೆಸರು ಮತ್ತು ಸಾವು ಎಂಬ ಪದ ತಿಳಿದದ್ದೇ ಸಾಕಾಯಿತು.

ವಿವರದ ಕಾಗದ ಮೇ ಮಧ್ಯದಲ್ಲಿ ತಲುಪಿತು. ಇಗರ್ಜಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿತಿದ್ದ ಜೋನ್ ಜಗಲಿಯಲ್ಲಿ ಕೂತು ಓದಿ ಹೇಳಿದ. ರಿಪೇರಿಯಾದ ವಿಮಾನವನ್ನು ಹಾರಿಸಿ ನೋಡುವಾಗ ಫಿಟ್ಟರನೂ ಹಿಂದಿನ ಸೀಟಿನಲ್ಲಿ ಕೂರುವುದು ಅಲ್ಲಿಯ ಕ್ರಮವಂತೆ. "ಇಳಿಯುವಾಗ," ಎಂದು ಜೋನ್ ಓದು ನಿಲ್ಲಿಸಿದ.

"ಹೇಳು," ಎಂದ ಲೋಕಯ್ಯ.

ಇಪ್ಪತ್ತು ವರ್ಷ ಭಟ್ಟಿಯ ಬಾಯಲ್ಲಿ ಕೆಲಸ ಮಾಡಿದ ಜೋನ್ ಕಾಗದವನ್ನು ಮಡಚಿದ. "ಬೆಂಕಿ," ಎಂದ.

ಲೋಕಯ್ಯ ಕೆಲಸಕ್ಕೆ ಹೋಗುವುದನ್ನು ಬಿಡಲಿಲ್ಲ. ಹಟ್ಟಿಯ ಕಡೆ ಮಾತ್ರ ಹೋಗಲಿಲ್ಲ. ಜೂನ್ ಮೊದಲ ಆದಿತ್ಯವಾರ, ಮೋಡ ಕಟ್ಟಿದ್ದ ಬೆಳಿಗ್ಗೆ, ಎದ್ದು ಹೋದ. ಅರ್ಧವಾಗಿದ್ದ ಸಣ್ಣ ಒಡಲನ್ನು ಮುಟ್ಟಲಿಲ್ಲ. ಫೂಟುಕೋಲನ್ನು ಒರೆಸಿ ತಂದು ಕುಶಲಾಳ ಕೈಗೆ ಕೊಟ್ಟ.

"ತೆಗೆದಿಡು. ನನಗೆ ಬೇಡ."

"ಮುಗೀಲಿಲ್ಲ ಅಲ್ವಾ ಅಪ್ಪ?"

"ನನ್ನ ಕೋಲು ತಪ್ಪಿರಲಿಲ್ಲ ಮಗಾ. ವಿಮಾನವೂ ಬೆಂಕಿಗೇ ಹೋಯ್ತಲ್ಲ," ಎಂದು ಹೇಳಿ ಅವನು ಹಿಂದಕ್ಕೆ ಹೋದ.

ಮೂಲೆಯಲ್ಲಿದ್ದ ದೊಡ್ಡ ವಿಮಾನವನ್ನು ಮೇಜಿನ ಮೇಲಿಟ್ಟು, ಸಣ್ಣ ಉಳಿ ತೆಗೆದು, ಮೂತಿಯನ್ನು ಕೆತ್ತತೊಡಗಿದ. ಒಂದು ಸಿಪ್ಪೆ ತೆಗೆಯುವುದು, ಪಂಖ ಹಿಡಿದು ನೋಡುವುದು, ಮತ್ತೊಂದು ಸಿಪ್ಪೆ. ಹಾಲೆಯ ಬಿಳಿ ಸಿಪ್ಪೆಗಳು ಅವನ ಪಾದದ ಮೇಲೆ ಬಿದ್ದವು. ಮಧ್ಯಾಹ್ನದ ಹೊತ್ತಿಗೆ ಪಂಖ ಕೂತಿತು. ಅಷ್ಟು ದೊಡ್ಡ ಒಡಲಿಗೆ ಅದು ಸಣ್ಣದಾಗಿಯೇ ಕಾಣುತ್ತಿತ್ತು.

ಮುದ್ದು ಬಾಗಿಲಲ್ಲಿ ನಿಂತಿದ್ದಳು. ಹತ್ತಿರ ಬಂದು ಪಂಖಕ್ಕೆ ಬೆರಳು ತಾಗಿಸಿದಳು. ಅದು ಸದ್ದಿಲ್ಲದೆ ಎರಡು ಸುತ್ತು ತಿರುಗಿತು. ಆಮೇಲೆ ಹಿಂದಿನ ಗುಳಿಯಲ್ಲಿ ಬೆರಳಿಟ್ಟಳು. ಹೊರಗೆ ಮೊದಲ ಹನಿಗಳು ಮುಳಿಹುಲ್ಲಿನ ಮೇಲೆ ಬೀಳತೊಡಗಿದ್ದವು.

"ಇಲ್ಲಿ ಸೋರ್ತದೆ," ಎಂದಳು. "ಒಳಗೆ ತನ್ನಿ."

ಅವನು ಎರಡೂ ಕೈಯಲ್ಲಿ ಎತ್ತಿಕೊಂಡ. ಹಟ್ಟಿಯ ಬಾಗಿಲಿಗೆ ರೆಕ್ಕೆ ಅಗಲವಾಯಿತು. ಓರೆ ಮಾಡಿ, ಮುದ್ದು ಸೆರಗು ಹಿಡಿದು ಮಳೆ ತಡೆದು, ಇಬ್ಬರೂ ಮೆಲ್ಲನೆ ಅಂಗಳ ದಾಟಿ ಅದನ್ನು ಮನೆಯೊಳಗೆ ಹೆಂಚಿನ ಕೆಳಗೆ ತಂದರು.